ಸುಟ್ಟ ಗಾಯಕ್ಕೆ ಬಿಳಿ ಮುಲಾಮೊಂದೇ ಸಾಕೇ?

ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳಲ್ಲಿ ಅರಿಸಿನದ ಕಟಾವು ಮುಗಿದೊಡನೆ ಗೆಡ್ಡೆ ಬೇಯಿಸುವ ಕೆಲಸ ಆರಂಭವಾಗುತ್ತದೆ. ಅತ್ತ ಕೊಳ್ಳೇಗಾಲದ ಕಡೆ ರೇಷ್ಮೆ ನೂಲು ತೆಗೆಯುವವರ ಬೆರಳುಗಳು ಬಿಸಿನೀರಿನಲ್ಲೇ ಇರುತ್ತವೆ. ಮನೆಯೊಳಗೆ ಸಾರಿನ ಪಾತ್ರೆ, ಸ್ನಾನದ ಹಂಡೆ, ಸೀಮೆಎಣ್ಣೆಯ ಬುಡ್ಡಿ ಮಾಡುವ ಅನಾಹುತಗಳು ಬೇರೆ. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಾಧಾರಣ ಇಲ್ಲವೇ ತೀವ್ರ ಸ್ವರೂಪದ ಸುಟ್ಟ ಗಾಯಗಳಿಗೆ ಒಳಗಾಗುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇವುಗಳಲ್ಲಿ ಚರ್ಮದ ಮೇಲ್ಪದರದ ಜೊತೆಗೆ ಒಳಪದರದ ಒಂದಷ್ಟು ಭಾಗವೂ ಸುಟ್ಟು ಬೊಬ್ಬೆ ಏಳುವ ಗಾಯಗಳಿಗೆ ವಿಶೇಷ ಮಹತ್ವವಿದೆ. ಸರಿಯಾಗಿ ನೋಡಿಕೊಂಡರೆ ಅವು ಬಹುಮಟ್ಟಿಗೆ ತಾವಾಗಿಯೇ ಮಾಯುತ್ತವೆ; ಅಲಕ್ಷಿಸಿದರೆ ನಂಜಾಗಿ ಆಳಕ್ಕಿಳಿದು, ಕೈಬೆರಳು ಸೆಟೆದು ದುಡಿಮೆಯನ್ನೇ ಕಸಿಯುತ್ತವೆ. ಅಂದರೆ ಚಿಕಿತ್ಸೆಯ ಆಯ್ಕೆ ನಿರ್ಣಾಯಕವಾಗುವುದು ಇಲ್ಲಿಯೇ.

ನಮ್ಮ ಆಸ್ಪತ್ರೆಗಳಲ್ಲಿ ಈ ಆಯ್ಕೆ ಬಹುತೇಕ ಒಂದೇ: ಸಿಲ್ವರ್ ಸಲ್ಫಡೈಜೀನ್ ಎಂಬ ಬಿಳಿ ಮುಲಾಮು. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಬಳಕೆಗೆ ತಂದ ಈ ಔಷಧ ನಂಜಿನಿಂದ ಅನೇಕ ಜೀವಗಳನ್ನು ಉಳಿಸಿದೆ ಎಂಬುದನ್ನು ಮರೆಯಲಾಗದು. ಆದರೆ ಅದು ಹೊಸ ಚರ್ಮದ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಗಾಯದ ಮೇಲೆ ಹೊರೆಯಂತಹ ಪದರ ಕಟ್ಟಿ ಆಳ ಎಷ್ಟೆಂದು ತಿಳಿಯದಂತೆ ಮಾಡುತ್ತದೆ. 2013ರ ಕಾಕ್ರೇನ್ ಪರಾಮರ್ಶೆಯಂತೂ ಸಿಲಿಕೋನ್ ಲೇಪಿತ ಪಟ್ಟಿ, ಬೆಳ್ಳಿಯ ಅಂಶವುಳ್ಳ ಪಟ್ಟಿ ಮುಂತಾದವುಗಳಿಗೆ ಹೋಲಿಸಿದರೆ ಗಾಯ ಮಾಯಿಸುವುದರಲ್ಲಿ ಈ ಮುಲಾಮು ಹಿಂದೆ ಬೀಳುತ್ತದೆಂದು ಹೇಳಿತು.

ಮುಲಾಮಿನ ಬೆಲೆ ಕಡಿಮೆ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಅದನ್ನು ದಿನವೂ ತೊಳೆದು ಮತ್ತೆ ಹಚ್ಚಬೇಕು. ಹಂಗಳ ಅಥವಾ ತೆರಕಣಾಂಬಿಯ ಕೂಲಿಕಾರ ಮಹಿಳೆ ಪ್ರತಿದಿನ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದು ಸರದಿಯಲ್ಲಿ ಕುಳಿತು, ಅಂಟಿದ ಬಟ್ಟೆ ಬಿಚ್ಚುವಾಗಿನ ನೋವು ತಿಂದು ಮರಳುವಷ್ಟರಲ್ಲಿ ಆ ದಿನದ ಕೂಲಿ ಹೋಗಿರುತ್ತದೆ. ಮೂರು ನಾಲ್ಕು ದಿನ ಹಾಗೆಯೇ ಬಿಡಬಹುದಾದ ಪಟ್ಟಿಯ ಬೆಲೆಯನ್ನು ಟ್ಯೂಬಿನ ಬೆಲೆಯೊಂದಿಗಲ್ಲ, ಈ ಒಟ್ಟು ವೆಚ್ಚದೊಂದಿಗೆ ತೂಗಿ ನೋಡಬೇಕು. ಔಷಧ ಖರೀದಿಯ ಕಡತಗಳಲ್ಲಿ ಕೂಲಿಯ ನಷ್ಟಕ್ಕೆ ಅಂಕಣವಿಲ್ಲ.

ಇನ್ನು ಜೇನುತುಪ್ಪ. ಕನ್ನಡಿಗರು ಗಣನೀಯವಾಗಿರುವ ಸೊಲ್ಲಾಪುರದ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 104 ರೋಗಿಗಳ ಮೇಲೆ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೇನು ಹಚ್ಚಿದ ಗಾಯಗಳಲ್ಲಿ ಶೇ 87ರಷ್ಟು 15 ದಿನಗಳೊಳಗೆ ಮಾಯ್ದಿದ್ದವು. ಬಿಳಿ ಮುಲಾಮಿನವು ಶೇ 10 ಮಾತ್ರ. ಇಷ್ಟು ದೊಡ್ಡ ಅಂತರವೇ ಎಚ್ಚರಿಕೆಯಿಂದ ಓದಬೇಕೆಂದು ಸೂಚಿಸುತ್ತದೆ. 2015ರ ಕಾಕ್ರೇನ್ ಪರಾಮರ್ಶೆ, ಸಾಮಾನ್ಯ ಪಟ್ಟಿಗಳಿಗಿಂತ ಜೇನು ಇಂತಹ ಗಾಯಗಳನ್ನು ನಾಲ್ಕೈದು ದಿನ ಬೇಗ ಮಾಯಿಸುತ್ತದೆಂದು ಒಪ್ಪಿತಾದರೂ, ಬಿಳಿ ಮುಲಾಮಿನೊಂದಿಗಿನ ಹೋಲಿಕೆಗೆ ದೊರೆತ ಸಾಕ್ಷ್ಯ ದುರ್ಬಲವೆಂದಿತು.

ಬಿಳಿಗಿರಿರಂಗನಬೆಟ್ಟದ ಸೋಲಿಗರು ತಲೆಮಾರುಗಳಿಂದ ಜೇನು ಕೀಳುತ್ತಿರುವ ಜಿಲ್ಲೆಯಿದು. ಹಾಗೆಂದು ಅಡುಗೆಮನೆಯ ಬಾಟಲಿಯಿಂದ ಗಾಯಕ್ಕೆ ಸುರಿಯುವಂತಿಲ್ಲ. ಕಚ್ಚಾ ಜೇನಿನಲ್ಲಿ ರೋಗಾಣುಗಳ ಬೀಜಕಗಳಿರಬಹುದು. ವೈದ್ಯಕೀಯ ಬಳಕೆಯ ಜೇನನ್ನು ಗಾಮಾ ವಿಕಿರಣದಿಂದ ಶುದ್ಧೀಕರಿಸಲಾಗುತ್ತದೆ. 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಇದಕ್ಕಿಂತ ಮನೆಬಾಗಿಲಿನ ಸಂಶೋಧನಾ ವಿಷಯ ಬೇರೆ ಬೇಕೆ? ಮುಲಾಮು, ಪ್ಯಾರಾಫಿನ್ ಬಟ್ಟೆ, ಶುದ್ಧೀಕರಿಸಿದ ಜೇನು ಇವುಗಳನ್ನು ಶಿಸ್ತಿನಿಂದ ಹೋಲಿಸುವ ಅಧ್ಯಯನಕ್ಕೆ ಸರ್ಕಾರ ಹಣ ಒದಗಿಸಬೇಕು.

ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಗಳ ದಾಸ್ತಾನಿನಲ್ಲಿ ಅಂಟದ ಪಟ್ಟಿಗಳಾದರೂ ಇರಲಿ. ಸಲ್ಫಾ ಒಗ್ಗದವರಿಗೆ, ತುಂಬು ಗರ್ಭಿಣಿಯರಿಗೆ, ಎಳೆಗೂಸುಗಳಿಗೆ ಬಿಳಿ ಮುಲಾಮು ಸಲ್ಲದೆಂಬ ಸೂಚನೆ ಡ್ರೆಸ್ಸಿಂಗ್ ಕೊಠಡಿಯ ಗೋಡೆಯ ಮೇಲಿರಲಿ. ಎಲ್ಲಕ್ಕೂ ಮೊದಲು, ಸುಟ್ಟ ಕೂಡಲೇ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕೆಂಬ ಮಾತನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ತಲುಪಿಸಬೇಕು. ಶಾಯಿ, ಟೂತ್‌ಪೇಸ್ಟ್, ಅರಿಸಿನಪುಡಿ ಮೆತ್ತಿಕೊಂಡು ಬರುವ ಗಾಯವನ್ನು ಮೊದಲು ತೊಳೆಯುವುದೇ ವೈದ್ಯರಿಗೆ ಕೆಲಸವಾಗುತ್ತದೆ. ಅಷ್ಟರಲ್ಲಿ ನೀರಿನಿಂದ ಆಗಬಹುದಾಗಿದ್ದ ಉಪಕಾರದ ಹೊತ್ತು ಮೀರಿರುತ್ತದೆ.