ದುಡಿಮೆ, ಸಂಸಾರ ಮತ್ತು ಸ್ವಾಧ್ಯಾಯ

ವಿದ್ಯೆಯೆಂಬುದು ಪದವಿಪತ್ರದೊಂದಿಗೆ ಮುಗಿದುಹೋಗುವ ವ್ಯವಹಾರವೆಂಬ ಭಾವನೆ ಸಮಾಜದಲ್ಲಿ ಆಳವಾಗಿ ಬೇರೂರಿದೆ. ನೌಕರಿ, ಸಂಸಾರಗಳಲ್ಲಿ ತೊಡಗಿದ ನಡುವಯಸ್ಸಿನವರು ಚದುರಂಗದ ಮಣೆಯ ಮುಂದೆ ಕುಳಿತರೆ ಅದು ಹೊತ್ತು ಕಳೆಯುವ ಹವ್ಯಾಸವೆನಿಸುತ್ತದೆ. ಬಡ್ತಿಗೆ ಒದಗದ ಓದು ವ್ಯರ್ಥವೆನಿಸುತ್ತದೆ. ಈ ಭಾವನೆಯನ್ನು ಮರುಪರಿಶೀಲಿಸಬೇಕಾಗಿದೆ.

ಚದುರಂಗವು ಕನ್ನಡ ನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವು ಮಣೆಯಾಟಗಳನ್ನು ರೂಪಿಸಿದರು. ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಕ್ರಮಗಳನ್ನು ರಚಿಸಿದರು. ಆದರೆ 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿದ ಬಳಿಕ ಅವರಿಗೆ ವಿರಾಮದ ಕೊರತೆಯಿರಲಿಲ್ಲ. 1948ರಲ್ಲಿ ವಿಶ್ವಚಾಂಪಿಯನ್ನರಾದ ಸೋವಿಯತ್ ರಷ್ಯಾದ ಮಿಖಾಯಿಲ್ ಬೋತ್ವಿನ್ನಿಕ್ ವೃತ್ತಿಯಿಂದ ವಿದ್ಯುತ್ ಎಂಜಿನಿಯರರಾಗಿದ್ದರೂ ಅವರ ಬೆನ್ನಿಗೆ ಒಂದು ಪ್ರಭುತ್ವವೇ ಇತ್ತು.

ನವಿ ಮುಂಬಯಿಯ ಕಾಮೋಠೆಯ ನೌಕರನಿಗೆ ಇಂಥ ಯಾವ ಅನುಕೂಲವೂ ಇಲ್ಲ. ಸಿಡ್ಕೋ ಯೋಜನೆಯಂತೆ ಬೆಳೆದು 2016ರಲ್ಲಿ ಪನವೇಲ್ ಮಹಾನಗರಪಾಲಿಕೆಗೆ ಸೇರಿದ ಈ ಬಡಾವಣೆಯಿಂದ ಮುಂಬಯಿಯ ಕೋಟೆ ಪ್ರದೇಶಕ್ಕೆ ದುಡಿಯಲು ಹೋಗುವವನು ಮಾನಸರೋವರ ನಿಲ್ದಾಣದಲ್ಲಿ ಹಾರ್ಬರ್ ಮಾರ್ಗದ ಲೋಕಲ್ ಹಿಡಿಯಬೇಕು. ಹೋಗಿಬರುವುದಕ್ಕೇ ದಿನಕ್ಕೆ ಎರಡು ಗಂಟೆಗೂ ಮೇಲ್ಪಟ್ಟ ಕಾಲ ಸಲ್ಲುತ್ತದೆ. ಉಳಿದುದು ಕಚೇರಿಗೆ ಮತ್ತು ಮನೆಗೆ.

ಹೀಗಿದ್ದರೂ ಈ ಇಕ್ಕಟ್ಟಿಗೆ ಚದುರಂಗದ ಅಭ್ಯಾಸ ಹೊಂದಿಕೊಳ್ಳಬಲ್ಲದು. ಒಂದು ಪಕ್ಷದಲ್ಲಿ ರಾಜ ಮತ್ತು ಕಾಲಾಳು, ಇನ್ನೊಂದರಲ್ಲಿ ಒಂಟಿ ರಾಜ ಉಳಿದಿರುವ ಅಂತ್ಯದಾಟವನ್ನು ನೋಡಬಹುದು. ಎಷ್ಟೋ ಸ್ಥಿತಿಗಳಲ್ಲಿ ಗೆಲುವೋ ಸಮವೋ ಎಂಬುದು ಈಗ ನಡೆಸುವ ಸರದಿ ಯಾರದು ಎಂಬುದನ್ನೇ ಅವಲಂಬಿಸಿರುತ್ತದೆ. ಮೂರೇ ಕಾಯಿಗಳ ಈ ಪ್ರಶ್ನೆಯನ್ನು ಗಾಡಿಯಲ್ಲಿ ನಿಂತವನೂ ಮನಸ್ಸಿನಲ್ಲಿಟ್ಟುಕೊಂಡು ಬಿಡಿಸಬಲ್ಲ. ಸೋತ ಆಟದ ನಡೆಗಳನ್ನು ಬರೆದಿಟ್ಟು, ಕಂಪ್ಯೂಟರಿನ ತೀರ್ಪು ಕೇಳುವ ಮೊದಲು ತಾನೆಲ್ಲಿ ತಪ್ಪಿದೆನೆಂದು ಶೋಧಿಸುವುದು ಇದರ ಮುಂದಿನ ಹಂತ. ಹಳಗನ್ನಡದ ಪದ್ಯವನ್ನು ಟೀಕೆಯ ನೆರವಿಲ್ಲದೆ ಮೊದಲು ತಾನೇ ಅನ್ವಯಿಸಿ ನೋಡುವ ವಿದ್ಯಾರ್ಥಿಯ ಶಿಸ್ತೂ ಇದೇ ಬಗೆಯದು.

ಮುಂಬಯಿ ಕನ್ನಡಿಗರಿಗೆ ಈ ಮಾರ್ಗ ಅಪರಿಚಿತವೇನಲ್ಲ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರು ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತದ್ದು ಈ ನಗರದ ಚರಿತ್ರೆಯ ಭಾಗ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞಾನದ ಕ್ಷೇತ್ರದಲ್ಲಿ ದುಡಿಯುತ್ತಲೇ ‘ಶಿಕಾರಿ’ಯಂಥ (1979) ಕಾದಂಬರಿಯನ್ನು ಕನ್ನಡಕ್ಕೆ ಕೊಟ್ಟರು.

ಆದರೆ ಈ ಪರಂಪರೆಯನ್ನು ಕೊಂಡಾಡುವಾಗ ಒಂದು ಪ್ರಶ್ನೆ ಸಾಮಾನ್ಯವಾಗಿ ಮರೆಯಾಗುತ್ತದೆ. ಅಭ್ಯಾಸಕ್ಕೆಂದು ಮೀಸಲಿಟ್ಟ ಆ ಒಂದು ಗಂಟೆ ಯಾರದು? ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ವ್ಯಾಸಂಗ ಮುಗಿಸಿ ಹೊರಟ ಶಿಷ್ಯನಿಗೆ ಸಂತಾನದ ಎಳೆಯನ್ನು ಕಡಿಯಬಾರದೆಂದೂ ಸ್ವಾಧ್ಯಾಯವನ್ನು ಅಲಕ್ಷಿಸಬಾರದೆಂದೂ ಒಟ್ಟಿಗೇ ಬೋಧಿಸುತ್ತದೆ. ಸಂಸಾರ ಮತ್ತು ಓದು ಪರಸ್ಪರ ವಿರೋಧಿಗಳಲ್ಲವೆಂಬ ಈ ನಿಲುವು ಹಿರಿದಾದುದೇ ಸರಿ. ಆದರೆ ಗೃಹಸ್ಥನು ಓದುತ್ತಿರುವಾಗ ಒಲೆಯ ಮುಂದೆ ಯಾರಿದ್ದರೆಂಬುದನ್ನು ಅಲ್ಲಿ ಕೇಳಿಲ್ಲ. ಗಂಡನ ಏಕಾಂತವು ಹೆಂಡತಿಯ ಹೆಚ್ಚುವರಿ ದುಡಿಮೆಯಿಂದ ದೊರೆತದ್ದಾದರೆ ಅದನ್ನು ಸಾಧನೆಯೆನ್ನುವ ಮುನ್ನ ಯೋಚಿಸಬೇಕಾಗುತ್ತದೆ.

ಈ ದಿಸೆಯಲ್ಲಿ ಹನ್ನೆರಡನೆಯ ಶತಮಾನದ ಶರಣರು ಹೆಚ್ಚು ಸಮೀಪದ ಮಾದರಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಬಡ ಕಾಯಕಜೀವಿಗಳು. ಇಬ್ಬರೂ ವಚನಕಾರರು, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿದವಳು ಲಕ್ಕಮ್ಮ. ಕಾಯಕದೊಡನೆ ಅರಿವೂ ಆ ಮನೆಯಲ್ಲಿ ಇಬ್ಬರ ಪಾಲಿನದಾಗಿತ್ತು.

ಆದ್ದರಿಂದ ದುಡಿಯುವವರ ಸ್ವಾಧ್ಯಾಯವನ್ನು ಪದಕ, ಶ್ರೇಯಾಂಕಗಳಿಂದ ಅಳೆಯುವುದು ಸಲ್ಲದು. ಮನೆಯ ಪ್ರತಿಯೊಬ್ಬರಿಗೂ ಅಂಥದೊಂದು ಗಂಟೆ ದಕ್ಕಿದೆಯೇ ಎಂಬುದೇ ಸರಿಯಾದ ಅಳತೆ. ಮಗುವನ್ನು ಒಂದು ದಿನ ತಂದೆ ನೋಡಿಕೊಂಡರೆ ತಾಯಿಗೆ ಪುಸ್ತಕವೋ ಮಣೆಯೋ ದೊರೆಯುತ್ತದೆ. ಉಪನಗರಗಳ ಕನ್ನಡ ಸಂಘಗಳು ವಾರದಲ್ಲಿ ಒಂದು ಸಂಜೆ ತಮ್ಮ ಕೋಣೆಯನ್ನು ಓದಿಗೂ ಚದುರಂಗಕ್ಕೂ ತೆರೆದಿಟ್ಟು, ಗೃಹಿಣಿಯರನ್ನೂ ಮಕ್ಕಳನ್ನೂ ಅಲ್ಲಿಗೆ ಬರಮಾಡಿಕೊಂಡರೆ ರಾತ್ರಿಶಾಲೆಗಳ ಕೆಲಸ ಇನ್ನೊಂದು ರೂಪದಲ್ಲಿ ಮುಂದುವರಿಯುತ್ತದೆ. ಅದಕ್ಕೆ ಬೇಕಾದುದು ಕೆಲವು ಮಣೆಗಳು, ಒಂದು ಕಪಾಟಿನಷ್ಟು ಪುಸ್ತಕಗಳು ಮತ್ತು ಬಾಗಿಲು ತೆರೆಯುವ ಒಬ್ಬ ಕಾರ್ಯಕರ್ತ ಮಾತ್ರ.