ಹಾಡಿಗೊಂದು ಡಂಗುರ ಬೇಕೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಾಡುಗಾರರು ಕೆಲವರಿದ್ದಾರೆ. ಇಳಕಲ್ಲಿನ ಮಗ್ಗದ ಮನೆಯ ತರುಣನೊಬ್ಬನು ತತ್ವಪದಗಳಿಗೆ ತಾನೇ ರಾಗ ಕೂಡಿಸಿ ಹಾಡಿ ಯೂಟ್ಯೂಬಿಗೆ ಏರಿಸುತ್ತಾನೆ. “15,000 ಕೊಟ್ಟರ ನಿನ್ನ ಹಾಡು ಲಕ್ಷ ಮಂದಿಗೆ ಮುಟ್ಟಸ್ತೀವಿ ಅಂತಾರ್ರಿ ಸರ, ಕೊಡಲೋ ಬ್ಯಾಡೋ?” ಎಂದು ಅವನು ಇತ್ತೀಚೆಗೆ ಕೇಳಿದನು. ಆ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದುದರಿಂದ ಈ ಪ್ರಶ್ನೆಯನ್ನು ಹಗುರಾಗಿ ಕಾಣುವಂತಿಲ್ಲ.

ಪ್ರಚಾರವೇ ಕೀಳೆಂಬ ಕೆಲವು ರಸಿಕರ ಮಾತನ್ನು ನಾನು ಒಪ್ಪಲಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಬಂದು ಠಾಣ್ಯ ಹೂಡುವ ನಾಟಕ ಕಂಪನಿಗಳು ಕರಪತ್ರ ಹಂಚುತ್ತವೆ, ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತವೆ. ಅದರಿಂದ ಕಲೆಗೆ ಮೈಲಿಗೆಯಾಗಿಲ್ಲ. ಆದರೆ ಆ ಖರ್ಚಿಗೆ ದೊರೆಯುವುದು ಜನ ಬಾಗಿಲಿಗೆ ಬರುವಷ್ಟು ಸುದ್ದಿ ಮಾತ್ರ. ಒಳಗೆ ಕುಳಿತ ಮೇಲೆ ‘ವನ್ಸ್ ಮೋರ್’ ಎನ್ನುವುದೂ ಬಿಡುವುದೂ ಪ್ರೇಕ್ಷಕನ ಇಚ್ಛೆ.

ಡಂಗುರ ಬೇರೆ, ಚಪ್ಪಾಳೆ ಬೇರೆ. 19ನೆಯ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಕೂಲಿ ಕೊಟ್ಟು ಚಪ್ಪಾಳೆ ತಟ್ಟಿಸುವ ಪದ್ಧತಿ ಇದ್ದಿತು. ಇಂದು ಕೆಲವು ಪ್ರಚಾರಕರು ಮಾರುತ್ತಿರುವುದು ಇಂಥ ಚಪ್ಪಾಳೆಯನ್ನೇ. ಇದಕ್ಕೆ ಆಸೆಯ ಮೂಲವೂ ಇದೆ. 12 ತಿಂಗಳಲ್ಲಿ 1,000 ಸಲವಾದರೂ ಕೇಳಲ್ಪಡದ ಹಾಡಿಗೆ 2024ರಿಂದ ಸ್ಪಾಟಿಫೈ ಗೌರವಧನ ಕೊಡುವುದಿಲ್ಲ. ಆ ಗೆರೆಯನ್ನು ಹೇಗಾದರೂ ದಾಟಬೇಕೆಂಬ ಆತುರ ಸಹಜವೇ. ಆದರೆ ಯಂತ್ರಗಳಿಂದ ಉಬ್ಬಿಸಿದ ಲೆಕ್ಕಕ್ಕೆ ಅಲ್ಲಿ ಹಣ ಹುಟ್ಟುವುದಿಲ್ಲ. ಹಾಡೇ ಅಲ್ಲಿಂದ ಮಾಯವಾಗಲೂಬಹುದು. ಕೊಟ್ಟ ದುಡ್ಡೂ ಹೋಯಿತು, ಹಾಡಿನ ಮಾನವೂ ಹೋಯಿತು!

ಹಣ ಹರಿಯುವ ದಿಕ್ಕನ್ನೂ ಇಲ್ಲಿ ಗಮನಿಸತಕ್ಕದ್ದು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ನಾಡಿಗೆಲ್ಲ ಪರಿಚಿತರಾದಾಗ ಪ್ರಚಾರದ ಹೊಣೆ ಚಿತ್ರ ತೆಗೆದವರದಾಗಿತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಗಾಯಕನನ್ನು ಪರೀಕ್ಷಿಸಿ, ಆರಿಸಿ, ಸಂಭಾವನೆ ಕೊಟ್ಟಿತು. ಆ ಬಾಗಿಲು ಇಕ್ಕಟ್ಟಾದುದು ನಿಜ. ಎಷ್ಟೋ ಒಳ್ಳೆಯ ಕಂಠಗಳು ಹೊರಗೇ ಉಳಿದಿರಬಹುದು. ಇಂದು ಬಾಗಿಲೇನೋ ಅಗಲವಾಗಿದೆ, ಆದರೆ ನಷ್ಟದ ಹೊರೆಯೆಲ್ಲ ಹಾಡುವವನ ತಲೆಯ ಮೇಲೆ ಬಿದ್ದಿದೆ. ಮುಂಗಡವಾಗಿ ಹಣ ಎಣಿಸಿಕೊಳ್ಳುವ ಪ್ರಚಾರಕನಿಗೆ ಹಾಡು ಗೆದ್ದರೂ ಒಂದೇ, ಬಿದ್ದರೂ ಒಂದೇ.

ಆದುದರಿಂದ ಹಣ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು. ನೀವು ಮಾರುವುದು ಸುದ್ದಿಯನ್ನೋ, ಸಂಖ್ಯೆಯನ್ನೋ? ಕೇಳುಗರು ಕನ್ನಡ ಬಲ್ಲವರೋ, ಎಲ್ಲಿಯವರೋ? ಹಾಡನ್ನು ಕಡೆಯವರೆಗೆ ಕೇಳಿದವರೆಷ್ಟೆಂಬ ಲೆಕ್ಕ ಕೊಡುವಿರಾ? ನೇರವಾದ ಉತ್ತರ ಬಂದರೆ ಒಂದು ಹಾಡಿಗೆ, ಕಳೆದರೂ ತಾಳಿಕೊಳ್ಳಬಹುದಾದಷ್ಟೇ ಹಣ ಹಾಕಿ ನೋಡಬಹುದು. “ಲಕ್ಷಕ್ಕೆ ನಾವು ಜವಾಬ್ದಾರರು” ಎನ್ನುವವನಿಗೆ ದೂರದಿಂದಲೇ ನಮಸ್ಕಾರ ಹೇಳುವುದು ಲೇಸು. ನನ್ನ ವಿದ್ಯಾರ್ಥಿಗೂ ನಾನು ಇದನ್ನೇ ಹೇಳಿದೆ. ಮೊದಲು ಒಳ್ಳೆಯ ಧ್ವನಿಮುದ್ರಣಕ್ಕೆ ಖರ್ಚುಮಾಡೆಂದೂ ಸೇರಿಸಿದೆ.

ಹಾಗಾದರೆ ದುಡ್ಡಿಲ್ಲದ ಹಾಡುಗಾರನ ಡಂಗುರವನ್ನು ಸಾರುವವರಾರು? ಬಾಗಲಕೋಟೆ, ಹುನಗುಂದಗಳ ಕಾಲೇಜುಗಳಿವೆ, ಊರೂರಿಗೆ ಜಾತ್ರೆಗಳಿವೆ, ಭಜನಾ ಮೇಳಗಳಿವೆ. ವಾರ್ಷಿಕೋತ್ಸವಕ್ಕೆ ದೂರದ ಪ್ರಸಿದ್ಧರನ್ನು ಕರೆಸುವ ನಾವು, ಅದೇ ವೇದಿಕೆಯಲ್ಲಿ ನೆರೆಯೂರಿನವನಿಗೆ ಅರ್ಧ ಗಂಟೆ ಕೊಡಲಾರೆವೆ? ಅದು ಪ್ರಚಾರಕನು ಮಾಡುವ ಕೆಲಸವಲ್ಲ. ಅಧ್ಯಾಪಕರೂ ವಿದ್ಯಾರ್ಥಿಗಳೂ ಆದ ನಾವೇ ಮಾಡತಕ್ಕದ್ದು.