ಪುಕ್ಕಲಿಯ ಆಟವೇ?

ಹರದನಹಳ್ಳಿಯ ಸೋದರಿಯೊಬ್ಬರ ಕಾಗದ: ಚಾಮರಾಜನಗರದ ಚದುರಂಗ ಪಂದ್ಯದಲ್ಲಿ ಮಗಳು ಸೋತಳಂತೆ. ಎದುರಾಳಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನುಗ್ಗಿಸಿದರೆ, ಇವಳು ಕುದುರೆ ಹೊರಡಿಸಿ, ಕಾಲಾಳನ್ನು ಒಂದೇ ಮನೆ ಸರಿಸಿ, ಒಂಟೆಯನ್ನು ಮೂಲೆಯ ಹತ್ತಿರ ಕೂರಿಸಿದಳು. “ಪುಕ್ಕಲಿಯ ಆಟ, ಬಿಡಿಸು” ಅಂದರಂತೆ ಯಜಮಾನರು.

ಬಿಡಿಸಬೇಡಿ ತಾಯಿ! ಅದು ‘ಕಿಂಗ್ಸ್ ಇಂಡಿಯನ್’ ರಕ್ಷಣೆ. ನಮ್ಮ ಹಳೇ ಪದ್ಧತಿಯಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಆ ರೂಢಿಯಲ್ಲಿ ಬೆಳೆದ ಮಹೇಶಚಂದ್ರ ಬ್ಯಾನರ್ಜಿ 1850ರ ದಶಕದಲ್ಲಿ ಕಲ್ಕತ್ತೆಯ ಕಾಕ್ರೇನ್ ಸಾಹೇಬರೆದುರು ಹೀಗೇ ಆಡುತ್ತಿದ್ದರು. ಸೋತದ್ದೇ ಹೆಚ್ಚು, ನಿಜ. ಆದರೂ ಆ ಒಂಟೆ ಕೂತಲ್ಲಿಂದಲೇ ಮಣೆಯ ಉದ್ದಕ್ಕೂ ಕಣ್ಣಿಟ್ಟಿರುತ್ತೆ. ಕೋಟೆ ಕಟ್ಟಿದ ಮೇಲೆ ರಾಜನ ಮುಂದಿನ ಕಾಲಾಳನ್ನು ನುಗ್ಗಿಸಬೇಕು. ಮಗಳು ಅಲ್ಲೇ ತಡಮಾಡಿದಳೇನೋ, ಕೇಳಿ. ಯಜಮಾನರನ್ನೂ ಒಂದು ಸಂಜೆ ಅವಳೆದುರು ಕೂರಿಸಿ.